ಪೆನಾಲ್ಟಿ ಹೊಡೆಯುವ ಕಾಲು

ಫುಟ್‌ಬಾಲ್ ಫೈನಲ್‌ನ ಕೊನೆಯ ನಿಮಿಷ. ಎರಡೂ ಕಡೆ ಗೋಲಿಲ್ಲ. ಸ್ಟಾರ್ ಆಟಗಾರ ಕಿರೀಟಿ, ಯಾರೂ ಮುಟ್ಟದಿದ್ದರೂ ಗೋಲಿನೆದುರು ದೊಪ್ಪನೆ ಬಿದ್ದ.

"ಅಯ್ಯೋ, ಕಾಲು ಮುರೀತು! ಪೆನಾಲ್ಟಿ ಕೊಡಿ!" ಎಂದು ಹೊರಳಾಡಿದ. ಮೈದಾನವೆಲ್ಲ ಕೂಗಿತು. ರೆಫರಿ ಗೊಂದಲಕ್ಕೆ ಬಿದ್ದರು.

ಸ್ಟ್ರೆಚರ್ ಹೊರುವ ಜಕ್ಕಣ್ಣ ಓಡಿಬಂದ. ಅವನು ರಗ್ಬಿ ಆಡಿ ಮೂಗು ಸೊಟ್ಟ ಮಾಡಿಕೊಂಡವನು.

"ಸಾರ್, ನಮ್ಮ ರಗ್ಬಿಯಲ್ಲಿ ಮೂಗೊಡೆದರೂ ಯಾರೂ ಹೀಗೆ ಕಿರುಚಲ್ಲ. ಇದು ಭಾರೀ ಪೆಟ್ಟೇ ಇರಬೇಕು. ಪೆನಾಲ್ಟಿ ಬೇರೆಯವರು ಹೊಡೀಲಿ, ಇವರನ್ನ ಆಸ್ಪತ್ರೆಗೆ ಒಯ್ತೀನಿ," ಎಂದು ಕಾಲಿಗೆ ಪಟ್ಟಿ ಬಿಗಿಯತೊಡಗಿದ.

ಕಿರೀಟಿ ಚಂಗನೆ ಎದ್ದ. "ಪೆನಾಲ್ಟಿ ಹೊಡೆಯೋದು ನಾನೇ!" ಎಂದು ಚೆಂಡಿನತ್ತ ಓಡಿದ.

ಜನ ಹೋ ಎಂದು ನಕ್ಕರು. ನಾಟಕವಾಡಿದ್ದಕ್ಕೆ ರೆಫರಿ ಹಳದಿ ಕಾರ್ಡ್ ತೆಗೆದರು.

"ನಿಜವಾಗ್ಲೂ ನೋವಿದೆ ಸಾರ್!"

"ಹಾಗಾದ್ರೆ ಸ್ಟ್ರೆಚರ್ ಹತ್ತಪ್ಪ," ಎಂದರು ರೆಫರಿ.

ಕಿರೀಟಿ ಜಕ್ಕಣ್ಣನ ಕಡೆ ನೋಡಿದ.

"ಕಾರ್ಡೇ ಇರಲಿ ಸಾರ್," ಎಂದ.