ಊಟದ ಮುಂಚಿನ ಕ್ರಿಯಾಪದ

ನದಿ ದಂಡೆಯ ಗುರುಮಠದಲ್ಲಿ ಪಾದ್ರಿಗಳಾಗಲು ಬಂದ ಹುಡುಗರಿಗೆ ರಾಯಪ್ಪಸ್ವಾಮಿಗಳು ಲ್ಯಾಟಿನ್ ಕಲಿಸುತ್ತಿದ್ದರು.

ಅಲ್ಲೊಂದು ಪದ್ಧತಿ. ಮಧ್ಯಾಹ್ನ ಅನ್ನ ಬಡಿಸಿದ ಮೇಲೆ ಒಬ್ಬ ಶಿಷ್ಯ ಎದ್ದು ನಿಂತು ಒಂದು ಕ್ರಿಯಾಪದವನ್ನು ಎಲ್ಲ ಕಾಲಗಳಲ್ಲೂ ಒಪ್ಪಿಸಬೇಕು. ಅವನು ಮುಗಿಸುವ ತನಕ ಯಾರೂ ತುತ್ತು ಎತ್ತುವಂತಿಲ್ಲ. ನಡುವೆ ಯಾರಾದರೂ ಅವನಿಗೆ ಪಿಸುಗುಟ್ಟಿ ಹೇಳಿಕೊಟ್ಟರೆ, ಹಾಗೆ ಹೇಳಿಕೊಟ್ಟವನು ಗುರುಮಠ ಬಿಟ್ಟು ಊರಿಗೆ ಹೊರಡಬೇಕು.

ಚೌರಪ್ಪನಿಗೆ ಲ್ಯಾಟಿನ್ ನೀರು ಕುಡಿದಷ್ಟು ಸಲೀಸು. ತಾಳ್ಮೆಯ ಬಗ್ಗೆ ಇರುವ ಸೂಕ್ತಿಗಳಂತೂ ಬಾಯಿಪಾಠ. ತಾಳ್ಮೆ ಮಾತ್ರ ಇರಲಿಲ್ಲ.

ಆ ವಾರ ಇನ್ನಾಸಿಯ ಸರದಿ. ಕ್ರಿಯಾಪದ ‘ಅಮಾರೆ’, ಅಂದರೆ ಪ್ರೀತಿಸುವುದು. ದಿನವೂ ಭವಿಷ್ಯತ್ ಕಾಲಕ್ಕೆ ಬಂದು ತಡವರಿಸುತ್ತಿದ್ದ. ಸಾರು ಆರುತ್ತಿತ್ತು.

“ಅವನನ್ನ ಊರಿಗೆ ಕಳಿಸಿಬಿಡಿ ಸ್ವಾಮಿ,” ಎಂದ ಚೌರಪ್ಪ. “ಅವನ ತಲೆಗೆ ಹತ್ತೋದಿಲ್ಲ.”

“ನಾಳೆಯೂ ಬರದಿದ್ರೆ ಕಳಿಸ್ತೀನಿ. ನಿನಗೆ ಬರುತ್ತಾ?”

ಚೌರಪ್ಪ ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿದ. ಒಂದು ತಪ್ಪೂ ಇರಲಿಲ್ಲ.

“ಹಾಗಾದ್ರೆ ನಾಳೆ ಅವನ ಪಕ್ಕದಲ್ಲಿ ನಿಂತ್ಕೋ.”

“ಯಾಕೆ ಸ್ವಾಮಿ?”

“ತಟ್ಟೆ ಮುಂದೆ ಕೂತರೆ ನಿನಗೆ ತಟ್ಟೆ ಮಾತ್ರ ಕಾಣುತ್ತೆ.”

ಮರುದಿನ ಚೌರಪ್ಪ ಪಕ್ಕದಲ್ಲಿ ನಿಂತ.

“ಅಮೊ, ಅಮಾಸ್, ಅಮಾತ್,” ಎಂದು ಶುರುಮಾಡಿದ ಇನ್ನಾಸಿ. ವರ್ತಮಾನ ಮುಗಿಯಿತು, ಭೂತವೂ ಮುಗಿಯಿತು. ಭವಿಷ್ಯತ್ತಿಗೆ ಬಂದು ನಿಂತುಬಿಟ್ಟ. ಅಂಗಿಯ ತುದಿಯನ್ನು ಮುದ್ದೆಮಾಡಿ ಹಿಡಿದಿದ್ದ.

ತಟ್ಟೆ ಮುಂದೆ ಕೂತಾಗ ಚೌರಪ್ಪನಿಗೆ ಇದು ಕಂಡಿರಲಿಲ್ಲ.

“ಅಮಾಬೊ,” ಅಂದರೆ ‘ಪ್ರೀತಿಸುವೆನು’, ಎಂದು ಅವನ ಕಿವಿಯಲ್ಲಿ ಪಿಸುಗುಟ್ಟಿದ.

ಇನ್ನಾಸಿ ಅದನ್ನು ಹಿಡಿದುಕೊಂಡು ಕೊನೆಯವರೆಗೂ ಹೇಳಿದ. ಎಲ್ಲರೂ ಊಟಕ್ಕೆ ಕೈ ಹಾಕಿದರು.

ಚೌರಪ್ಪ ಉಣ್ಣಲಿಲ್ಲ. ಬಟ್ಟೆಗಳನ್ನು ಟ್ರಂಕಿಗೆ ತುಂಬಿಕೊಂಡು ಬಾಗಿಲಿಗೆ ಬಂದ. ಪಾದ್ರಿಯಾಗುವ ಆಸೆ ಅಲ್ಲಿಗೇ ಮುಗಿಯಿತೆಂದು ಅವನ ಕಣ್ಣು ತುಂಬಿತ್ತು. ಸ್ವಾಮಿಗಳು ಹೊಸ್ತಿಲ ಮೇಲೆ ಕೂತಿದ್ದರು.

“ನಾನು ಹೇಳಿಕೊಟ್ಟೆ ಸ್ವಾಮಿ.”

“ಕೇಳಿಸ್ತು. ಟ್ರಂಕು ಒಳಗಿಟ್ಟು ಊಟ ಮಾಡು ಹೋಗು.”

“ಮತ್ತೆ ಇನ್ನಾಸಿ?”

“ಅವನು ನಾಳೆ ಒಪ್ಪಿಸಲಿ. ಇವತ್ತು ‘ಅಮಾರೆ’ ಪಾಠ ಒಪ್ಪಿಸಿದವನು ನೀನು.”