ಕರಿಕುದ್ರುವಿನ ಅಕ್ಕಣಿಗುಂಡಿ

ದಡದಿಂದ ದೋಣಿಯಲ್ಲಿ ಅರ್ಧ ಗಂಟೆ ಸಾಗಿದರೆ ಸಿಗುವ ಕರಿಕುದ್ರು ದ್ವೀಪದಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಯಾರೋ ಅಳೆದು ಕಡೆದು ನಿಲ್ಲಿಸಿದಂತಿರುವ ಆರುಮೂಲೆಯ ಕಲ್ಲುಕಂಬಗಳಿವೆ, ತೆರೆ ನುಗ್ಗಿದಾಗಲೆಲ್ಲ ಸಿಳ್ಳೆ ಹಾಕುತ್ತ ನೀರು ಚಿಮ್ಮಿಸುವ ಬಿರುಕುಬಂಡೆಯಿದೆ, ಬಾವಲಿಗಳ ಗವಿಯಿದೆ, ಪಡುವಣ ತುದಿಯಲ್ಲಿ ಬಾಗಿಲಿನಂತೆ ತೂತು ಬಿದ್ದ ಹೆಬ್ಬಂಡೆಯಿದೆ. ಇವನ್ನೆಲ್ಲ ತೋರಿಸಿ, ಫೋಟೊ ತೆಗೆದುಕೊಟ್ಟು, ಕೊನೆಗೆ ದೋಣಿಯವರು ಜನರನ್ನು ಆ ಹೆಬ್ಬಂಡೆಯ ಪಕ್ಕ ನಿಲ್ಲಿಸಿ, ಕೆಳಗೆ ಬೆರಳು ತೋರಿ, ಅದೇ ಅಕ್ಕಣಿಗುಂಡಿ, ಸಿಹಿನೀರಿನ ಗುಂಡಿ ಎನ್ನುತ್ತಾರೆ. ಬೆರಳು ತೋರಿದಲ್ಲಿ ನೊರೆಯೆದ್ದ ಕಡಲಲ್ಲದೆ ಬೇರೇನೂ ಇರುವುದಿಲ್ಲ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಈತ ನಮ್ಮ ಕಿವಿಗೆ ಹೂ ಇಡುತ್ತಿದ್ದಾನೆ ಎಂದು ಗೊಣಗುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಆ ಗುಂಡಿಗೆ ಹೆಸರು ಬಂದದ್ದೇ ಇಂಥದೊಂದು ಗುಮಾನಿಯಿಂದ.

ಹಿಂದೆ ಒಮ್ಮೆ, ಹಾಯಿ ಹಡಗುಗಳ ಕಾಲದಲ್ಲಿ, ಹತ್ತಾರು ಮೊಗವೀರ ಕುಟುಂಬಗಳು ಮಳೆಗಾಲ ಮುಗಿದೊಡನೆ ಈ ಕುದ್ರುವಿಗೆ ಬಂದು, ಗುಡಿಸಲು ಕಟ್ಟಿ, ಮೀನು ಹಿಡಿದು ಒಣಗಿಸುತ್ತ ಮುಂದಿನ ಮಳೆಯ ತನಕ ಇರುತ್ತಿದ್ದವಂತೆ. ಅವರಿಗೆ ಹಿರಿಯನಾಗಿ, ಗುರಿಕಾರನಾಗಿ ಇದ್ದವನು ಹೆರಿಯ ಮರಕಾಲ. ಮಾತಿಗೆ ತಪ್ಪದವನು, ಆದರೆ ಬೇರೆಯವರ ಮಾತನ್ನು ಸುಲಭಕ್ಕೆ ನಂಬದವನು. ಹೆಂಡತಿ ಅಕ್ಕಣಿ ಮಿತಭಾಷಿ. ಕುದ್ರುವಿನಲ್ಲಿ ಕುಡಿಯುವ ನೀರಿನ ಸೆಲೆಯಿಲ್ಲ ಎಂಬುದು ಗಂಡಸರಿಗೆಲ್ಲ ಗೊತ್ತಿದ್ದ ಸಂಗತಿ. ದಡದಿಂದ ದೊಡ್ಡ ಮಣ್ಣಿನ ಗುಡಾಣಗಳಲ್ಲಿ ತುಂಬಿ ತರುತ್ತಿದ್ದರು. ಇಳಿತದಲ್ಲಿ ದೋಣಿ ಬಂಡೆಗೆ ತಾಗಿ ಒಡೆಯುವುದರಿಂದ ಹೋಗುವುದೂ ಬರುವುದೂ ಭರತದಲ್ಲಿ, ಕಡಲು ಏರಿ ನಿಂತಾಗಲೇ. ಹೀಗಾಗಿ ಕುದ್ರುವಿನ ಅಂಚನ್ನು ಗಂಡಸರು ಕಂಡದ್ದೆಲ್ಲ ಅದು ಮುಳುಗಿದ್ದಾಗ. ನೀರಿಳಿದ ಬಂಡೆಗಳು ಹೆಂಗಸರ ಸೀಮೆ. ಅವರು ಅಲ್ಲಿ ಬಂಡೆಗೆ ಕಚ್ಚಿದ ಚಿಪ್ಪುಮೀನು, ಅವರ ಬಾಯಲ್ಲಿ ಬರೀ ಚಿಪ್ಪು, ಕೀಳುತ್ತಿದ್ದರು. ಗಂಡಸೊಬ್ಬ ಆ ಕಡೆ ಸುಳಿದರೆ, ಸೀರೆ ಉಡಿಸಿ ಕಳುಹಿಸುತ್ತೇವೆ ಎಂದು ಅವನ ಮಾನ ಕಳೆಯುತ್ತಿದ್ದರು. ಇಳಿತವೆಂದರೆ ಗಂಡಸರಿಗೆ ಬಲೆ ಹೆಣೆಯುವ, ಇಲ್ಲವೇ ಗೊರಕೆ ಹೊಡೆಯುವ ಹೊತ್ತು.

ಒಂದು ಬೇಸಗೆಯಲ್ಲಿ ಪರದೇಶದ ಹಡಗೊಂದು ಬಂದು ಕುದ್ರುವಿಗೂ ದಡಕ್ಕೂ ನಡುವೆ ಲಂಗರು ಹಾಕಿತು. ದಾಟುವ ದೋಣಿಗಳನ್ನೆಲ್ಲ ಅಡ್ಡಗಟ್ಟಿತು. ತೆಂಕಣ ದಿಕ್ಕಿನಲ್ಲಿ ಇಂಥ ಹಡಗಿನವರು ಎರಡು ಕುದ್ರುಗಳಲ್ಲಿ ನೀರು ಕಂಡು, ಇಳಿದು, ಕೋಟೆ ಕಟ್ಟಿ, ಇದ್ದವರನ್ನು ಓಡಿಸಿದ್ದರು. ಇಲ್ಲಿ ನೀರೇ ಇಲ್ಲವಲ್ಲ, ನಾಲ್ಕು ದಿನ ನೋಡಿ ಹೋಗುತ್ತಾರೆ ಎಂದು ಹೆರಿಯ ಎಲ್ಲರಿಗೂ ಧೈರ್ಯ ಹೇಳಿದ. ನಾಲ್ಕು ದಿನಕ್ಕೆ ಗುಡಾಣಗಳು ತಳ ಕಂಡವು. ಐದನೆಯ ದಿನ ಅಕ್ಕಣಿ, ಮಕ್ಕಳಿದ್ದ ಗುಡಿಸಲುಗಳಿಗೆ ಚಿಪ್ಪು ಹಂಚಲು ಹೋದವಳು, ಬುಟ್ಟಿಯ ಅಡಿಯಿಂದ ಕೊಡ ತೆಗೆದು ನೀರು ಹೊಯ್ದು ಬಂದಳು. ಜನ ಕುಡಿದರು. ಕುಡಿದ ಬಾಯಲ್ಲೇ ಮಾತೂ ಹುಟ್ಟಿತು.

ಬಲೆಯ ಪಾಲುಗಾರ ಬಡಿಯ ಬಂದು ಹೆರಿಯನ ಪಕ್ಕ ಕುಳಿತ. “ಗುರಿಕಾರ್ರೆ, ನಿಮ್ ಹೆಂಡ್ತಿ ಕೊಟ್ಟ್ ನೀರ್ ಕುಡ್ದೇ ನಮ್ ಮಕ್ಕಳ್ ಬದ್ಕಿದ್ದ್, ಇಲ್ಲ ಅಂತಿಲ್ಲೆ. ಆರೆ ಆ ನೀರ್ ಎಲ್ಲಿದ್?” ಎಂದು ಹಡಗಿನ ಕಡೆ ಕಣ್ಣು ಹೊರಳಿಸಿದ. ಆ ಮಾತು ಮೀನಿನ ಮುಳ್ಳಿನಂತೆ ಹೆರಿಯನ ಗಂಟಲಲ್ಲಿ ನಿಂತಿತು. ಅಂದಿನಿಂದ ಅವನು ಹೆಂಡತಿಯನ್ನು ಕದ್ದು ನೋಡತೊಡಗಿದ. ನೋಡಲು ಹೊರಟ ಕಣ್ಣಿಗೆ ಕಾಣದ್ದೇನಿದೆ? ಅವಳ ಸೆರಗಿನ ಅಂಚು ಉಪ್ಪುನೀರಿನಲ್ಲಿ ನೆನೆದಿತ್ತು. ಬುಟ್ಟಿಯ ಮೇಲೆ ಬೇಕೆಂದೇ ಒದ್ದೆಬಟ್ಟೆ ಮುಚ್ಚಿತ್ತು. ಉಳಿದ ಹೆಂಗಸರು ತಿರುಗಿ ಬಂದ ಮೇಲೂ ಅವಳು ಒಬ್ಬಳೇ ಹಿಂದೆ ಉಳಿಯುತ್ತಿದ್ದಳು. ಹಡಗಿನ ಸಣ್ಣ ದೋಣಿಯೊಂದು ಪಡುವಣ ಹೆಬ್ಬಂಡೆಯ ಬಳಿ ಎರಡು ಸಲ ಸುಳಿದದ್ದನ್ನು ಅವನೇ ಕಂಡಿದ್ದ. ತಡೆಯಲಾರದೆ, ಭರತ ಬಂದೊಡನೆ ತಾನೇ ದೋಣಿ ನೂಕಿ ಆ ತುದಿಗೆ ಹೋಗಿ, ಬಿರುಕು ಬಿರುಕಿನಲ್ಲೂ ಕೈ ಅದ್ದಿ ನಾಲಗೆಗೆ ಇಟ್ಟುಕೊಂಡ. ಎಲ್ಲವೂ ಉಪ್ಪು. ಅಲ್ಲಿಗೆ, ನೀರು ಹಡಗಿನವರದೇ ಎಂಬ ಅವನ ಗುಮಾನಿಗೆ ಸಾಕ್ಷಿಯೇ ಸಿಕ್ಕಂತಾಯಿತು. ಮನೆಯ ನೀರನ್ನು ಅವನು ಮುಟ್ಟುವುದನ್ನೇ ಬಿಟ್ಟ.

ಎರಡು ದಿನ ನೀರಿಲ್ಲದೆ ಇದ್ದು, ತುಟಿ ಒಡೆದು, ಕಣ್ಣು ಗುಳಿಬಿದ್ದ ಮೇಲೆ ಅವನು ಗುಡಿಸಲಿನ ಬಾಗಿಲಿಗೆ ಅಡ್ಡ ನಿಂತು, ನೀರು ಎಲ್ಲಿಯದು ಎಂದು ಕೇಳಿದ. ಅಕ್ಕಣಿ ತುಂಬಿದ ಕೊಡ ಹೊತ್ತು ಆಗಷ್ಟೇ ಬಂದಿದ್ದಳು.

“ಹೇಳುಕಾತ್ತಿಲ್ಲೆ. ಮಾತ್ ಕೊಟ್ಟಿದೆ,” ಎಂದಳು.

“ಯಾರಿಗ್ ಕೊಟ್ಟದ್?”

ಅವಳು ಕೊಡ ಇಳಿಸಿ ಗಂಡನ ಒಡೆದ ತುಟಿಯ ಮುಂದೆ ಹಿಡಿದಳು. “ಅದನ್ನೂ ಹೇಳುಕಾತ್ತಿಲ್ಲೆ. ಮೊದ್ಲ್ ಒಂದ್ ಗುಟುಕ್ ಕುಡೀನಿ.”

ಹೆರಿಯ ಕೊಡವನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದ. ಸುತ್ತ ನಿಂತಿದ್ದ ಬಾಯಾರಿದ ಜನರ ಕಣ್ಣೆದುರೇ ಮರಳು ಆ ನೀರನ್ನೆಲ್ಲ ಕುಡಿದುಬಿಟ್ಟಿತು. ಒಬ್ಬ ಮುದುಕಿ ಬಾಗಿ ಒದ್ದೆ ಮರಳನ್ನು ಮೊಮ್ಮಗುವಿನ ತುಟಿಗೆ ಒತ್ತಿದಳು. ನಿಜ ಹೇಳುವ ತನಕ ಈ ಹೊಸಿಲು ತುಳಿಯಬೇಡ ಎಂದ ಹೆರಿಯ. ಅಕ್ಕಣಿ ಅಳಲಿಲ್ಲ, ಬುಟ್ಟಿ ಎತ್ತಿಕೊಂಡು ಬಂಡೆಗಳ ಕಡೆ ನಡೆದಳು.

ಮರುದಿನ ಭರತದಲ್ಲಿ ಹಡಗಿನವರು ಇಳಿದರು. ಅವರಿಗೆ ಬೇಕಾಗಿದ್ದದ್ದೂ ನೀರೇ. ಕುದ್ರುವನ್ನೆಲ್ಲ ಜಾಲಾಡಿದರು, ಬಂದದ್ದು ಅವರೂ ಭರತದಲ್ಲಲ್ಲವೇ, ಸಿಕ್ಕಿದ್ದು ಅವರಿಗೂ ಉಪ್ಪೇ. ನಾಯಕನೆಂಬವನಿಗೆ ನಂಬಿಕೆ ಬರಲಿಲ್ಲ. ಇಷ್ಟು ಜನ ನೀರಿಲ್ಲದೆ ಬದುಕಿದ್ದು ಹೇಗೆ ಎಂದು ದುಭಾಷಿಯ ಮೂಲಕ ಹೆರಿಯನನ್ನೇ ಕೇಳಿಸಿದ. ಇಲ್ಲಿ ನೀರಿಲ್ಲ ಎಂದ ಹೆರಿಯ. ನಾಯಕ ತನ್ನ ಪೀಪಾಯಿಯಿಂದ ಒಂದು ಬಟ್ಟಲು ಹಳಸಿದ ನೀರು ತರಿಸಿ ಅವನ ಮುಂದೆ ಹಿಡಿದು ಪರೀಕ್ಷಿಸಿದ. ಗುರಿಕಾರನೆಂಬ ಬಿಗುಮಾನವೆಲ್ಲ ಎಲ್ಲಿ ಹೋಯಿತೋ, ಹೆರಿಯ ಎರಡೂ ಕೈಗಳಿಂದ ಬಟ್ಟಲನ್ನು ಕಿತ್ತುಕೊಂಡು, ನೆಲಕ್ಕೆ ಚೆಲ್ಲಿದ ಹನಿಗೂ ಬಾಗಿ, ಕುಡಿದ. ಊರಿನ ಮುಖಂಡನ ಗತಿಯೇ ಹೀಗಿದ್ದರೆ ಇದು ಒಣ ಕಲ್ಲೇ ಸರಿ ಎಂದು ನಾಯಕ ನಕ್ಕನಂತೆ. ಸಂಜೆಯೊಳಗೆ ಹಡಗು ಲಂಗರು ಎತ್ತಿತು.

ಜನ ಗುರಿಕಾರನ ಜಾಣತನವನ್ನು ಕೊಂಡಾಡಿದರು. ಅದರಲ್ಲಿ ಜಾಣತನ ಎಳ್ಳಷ್ಟೂ ಇರಲಿಲ್ಲವೆಂದು ಹೆರಿಯನಿಗೊಬ್ಬನಿಗೇ ಗೊತ್ತು. ಹಡಗಿನವರು ನೀರು ಹುಡುಕಿ ಬಂದವರಾದರೆ ಅಕ್ಕಣಿಗೆ ನೀರು ಕೊಟ್ಟವರು ಅವರಲ್ಲ. ಹಾಗಾದರೆ ಯಾರು? ಮರುದಿನ ನೀರಿಳಿದೊಡನೆ, ಹೆಂಗಸರ ನಗೆಗೂ ಲಕ್ಷ್ಯ ಕೊಡದೆ, ಹುಟ್ಟಿದ ಮೇಲೆ ಮೊದಲ ಸಲ ಅವನು ಆ ಬಂಡೆಗಳ ಮೇಲೆ ನಡೆದು ಹೋದ. ಹೆಬ್ಬಂಡೆಯ ಬುಡದಲ್ಲಿ ಅಕ್ಕಣಿ ಕುಳಿತಿದ್ದಳು. ಪಕ್ಕದಲ್ಲಿ ಸರಿಸಿಟ್ಟ ಚಪ್ಪಟೆ ಕಲ್ಲು, ಅದರಡಿಯಲ್ಲಿ ಮೊರದಗಲದ ಗುಂಡಿ, ತಳದಿಂದ ಮೆಲ್ಲಗೆ ಉಕ್ಕುವ ತಿಳಿನೀರು. ನೀರಿನ ಮೇಲೆ ತೇಲುತ್ತಿತ್ತು ಒಂದು ಕರಟದ ಸೌಟು. ಅದರ ಹಿಡಿಯಲ್ಲಿ ವಕ್ರವಾಗಿ ಕೆತ್ತಿದ ಮೀನಿನ ಗುರುತು. ಹುಡುಗನಾಗಿದ್ದಾಗ ಹೆರಿಯನೇ ತಾಯಿಗೆಂದು ಕೆತ್ತಿಕೊಟ್ಟಿದ್ದ ಸೌಟು ಅದು. ಕಡಲು ಕೊಂಡುಹೋಯಿತು ಮಗಾ ಎಂದಿದ್ದಳು ತಾಯಿ. ಸಾಯುವ ಮುನ್ನ ಅವಳೇ ಗುಂಡಿಯನ್ನು ಸೊಸೆಗೆ ತೋರಿಸಿ, ಗಂಡಸರ ಕಿವಿಗೆ ಬಿದ್ದದ್ದು ಹಡಗಿನ ಕಿವಿಗೂ ಬೀಳುತ್ತದೆ ಎಂದು ಮಾತು ತೆಗೆದುಕೊಂಡಿದ್ದಳು.

ಹೆರಿಯ ಕುಡಿದ. ಕುಡಿಯುತ್ತಲೇ ಅತ್ತ. ತನಗೊಬ್ಬನಿಗಾದರೂ ಹೇಳಬಾರದಿತ್ತೇ ಎಂದು ಕೇಳಿದ.

“ಹೇಳಿದ್ರೆ ನೀವ್ ಕುಡೀತಿದ್ರಿ. ನಿಮ್ ತುಟಿ ಹಸಿ ಇರ್ತಿತ್,” ಎಂದಳು ಅಕ್ಕಣಿ.

ಮನೆಗೆ ಬಾ ಎಂದು ಅವನು ಕೈ ಹಿಡಿದ. ಅವಳು ಮೆಲ್ಲಗೆ ಬಿಡಿಸಿಕೊಂಡಳು. “ನನ್ ಮೇಲ್ ಸಂಶಯ ಮಾಡಿದ್ರಿ, ಅದನ್ನಾರೂ ಮರೀತೆ. ಬಾಯಾರಿದ್ ಮಕ್ಕಳೆದ್ರ್ ನೀರ್ ಚೆಲ್ಲಿದ್ ಮನಿಗೆ ನಾ ಬತ್ತಿಲ್ಲೆ.” ಆ ಕುಲದ ಪದ್ಧತಿಯಂತೆ ಹೆಣ್ಣಿಗೆ ತಾಯಿಮನೆಯ ಬಾಗಿಲು ಎಂದೂ ಮುಚ್ಚಿರಲಿಲ್ಲ. ಮೊದಲ ದೋಣಿಯಲ್ಲೇ ಅಕ್ಕಣಿ ತಾಯಿಮನೆಗೆ ಹೋದಳು, ಮತ್ತೆ ಕುದ್ರುವಿಗೆ ಬರಲಿಲ್ಲ. ಹೆರಿಯ ಗುರಿಕಾರಿಕೆ ಬಿಟ್ಟ. ಉಳಿದ ಆಯುಷ್ಯವೆಲ್ಲ ಇಳಿತ ಇಳಿತಕ್ಕೂ ಗುಂಡಿಯ ಬಳಿ ಕುಳಿತು, ಬಂದವರಿಗೆ ಆ ಸೌಟಿನಲ್ಲಿ ನೀರು ಎತ್ತಿ ಕೊಡುತ್ತಿದ್ದ ಎನ್ನುತ್ತಾರೆ.

ಇಂದಿಗೂ ದೋಣಿಗಳು ಬರುವುದು ಭರತದಲ್ಲಿ, ಮರಳುವುದೂ ಅದೇ ಭರತದಲ್ಲಿ. ಹಾಗಾಗಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಕಡಲನ್ನಷ್ಟೇ ಕಂಡು ಗೊಣಗುತ್ತ ಹೋಗುತ್ತಾರೆ. ಮರಳುವ ದೋಣಿಯನ್ನು ಬಿಟ್ಟುಕೊಟ್ಟು ಬಿಸಿಲಲ್ಲಿ ಕಾದವರಿಗೆ ಮಾತ್ರ ನೀರು ಸರಿದು ಚಪ್ಪಟೆ ಕಲ್ಲು ಕಾಣುತ್ತದೆ. ಅಲ್ಲಿ ಚಿಪ್ಪು ಕೀಳುವ ಹೆಂಗಸರು ಕಲ್ಲು ಸರಿಸಿ ಕರಟದ ಸೌಟು ತುಂಬಿ ಚಾಚುತ್ತಾರೆ. ಸೌಟು ಹಿಡಿದು, ಇದು ಎಲ್ಲಿಯ ನೀರು, ಕುಡಿಯಬಹುದೇ ಎಂದು ಕೇಳಿದವರ ಕೈಯಿಂದ ಅದನ್ನು ತೆಗೆದು ಪಕ್ಕದವರಿಗೆ ಕೊಡುತ್ತಾರೆ. ಒಂದು ಹನಿಯನ್ನೂ ಚೆಲ್ಲುವುದಿಲ್ಲ. ಕುಡಿದ ಮೇಲೆ ಕೇಳಿದರೆ, ಅಕ್ಕಣಿಯದು ಎನ್ನುತ್ತಾರೆ.