ಕೆಂಪು ದಾರ ಕಟ್ಟಿದ ಕರಬೂಜ

ತುಂಗಭದ್ರೆಯ ದಂಡೆಯ ಒಂದು ಊರಿನಲ್ಲಿ ಕೆಂಚಮ್ಮ ಎಂಬ ಹೆಂಗಸು ಹೊಳೆಯ ಮರಳಿನಲ್ಲಿ ಕರಬೂಜ ಬೆಳೆಯುತ್ತಿದ್ದಳು. ಮರಳಿನಲ್ಲಿ ಬೆಳೆ ಹೇಗೆ ಎಂದು ನೀವು ಕೇಳಬಹುದು. ಚಳಿಗಾಲ ಕಳೆಯುವಷ್ಟರಲ್ಲಿ ಹೊಳೆ ಒಂದು ಪಕ್ಕಕ್ಕೆ ಸರಿಯುತ್ತದೆ, ಉಳಿದದ್ದೆಲ್ಲ ಬರೀ ಮರಳು. ಅದರಲ್ಲಿ ಗುಂಡಿ ತೋಡಿ, ಗೊಬ್ಬರ ತುಂಬಿ, ಬೀಜ ಹಾಕಿದರೆ ಅಡಿಯ ತೇವಕ್ಕೇ ಬಳ್ಳಿ ಹಬ್ಬುತ್ತದೆ. ವಸಂತದಲ್ಲಿ, ಅಂದರೆ ಬೇವು ಹೂ ಬಿಡುವ ಹೊತ್ತಿಗೆ, ಹಣ್ಣು ಸಿಗುತ್ತದೆ.

ಕೆಂಚಮ್ಮನ ಬೀಜ ಅಂಗಡಿಯದಲ್ಲ. ಅವಳ ಅತ್ತೆ ಕಾಪಾಡಿಕೊಂಡು ಬಂದದ್ದು. ಆ ಹಣ್ಣು ನೋಡಲು ಚಿಕ್ಕದು, ಸಿಪ್ಪೆ ಒರಟು. ಆದರೆ ಹೆಚ್ಚಿದರೆ ಘಮ ಆಚೆ ದಂಡೆಗೂ ಹೋಗುತ್ತದೆ ಎಂದು ಕೆಂಚಮ್ಮ ಎದೆಯುಬ್ಬಿಸಿ ಹೇಳುತ್ತಿದ್ದಳು. ಸ್ವಲ್ಪ ಹೆಚ್ಚೇ ಹೇಳುತ್ತಿದ್ದಳು, ಆದರೆ ಪೂರ್ತಿ ಸುಳ್ಳಲ್ಲ.

ಆ ವರ್ಷ ಕಾಡುಹಂದಿಗಳು ನುಗ್ಗಿ ಆ ಬಳ್ಳಿಗಳನ್ನೆಲ್ಲ ತುಳಿದು ಹಾಕಿದವು. ಅತ್ತೆಯ ತಳಿಯದು ಒಂದೇ ಒಂದು ಹಣ್ಣು ಉಳಿಯಿತು. ಪಕ್ಕದಲ್ಲಿ ಅಂಗಡಿ ಬೀಜದ ದಪ್ಪ ದಪ್ಪ ಸಪ್ಪೆ ಹಣ್ಣುಗಳು ಬೇಕಾದಷ್ಟಿದ್ದವು. ಕೆಂಚಮ್ಮ ಆ ಒಂದು ಹಣ್ಣಿನ ತೊಟ್ಟಿಗೆ ಕೆಂಪು ದಾರ ಕಟ್ಟಿದಳು. ದಾರ ಕಟ್ಟಿದ ಹಣ್ಣು ಬೀಜಕ್ಕೆಂದು ಅರ್ಥ, ಅದನ್ನು ಯಾರೂ ಕೀಳಬಾರದು. ಅದು ತಿನ್ನಲು ಹಣ್ಣಾಗಿತ್ತು. ಬೀಜ ಗಟ್ಟಿಯಾಗಲು ಮಾತ್ರ ಇನ್ನೂ ಕೆಲವು ದಿನ ಬಳ್ಳಿಯಲ್ಲೇ ಇರಬೇಕಿತ್ತು. ಹಳೆಯ ಬೀಜವನ್ನೆಲ್ಲ ಆ ವರ್ಷ ಬಿತ್ತಿಯಾಗಿತ್ತು, ಈಗಲೇ ಕಿತ್ತರೆ ಆ ತಳಿ ಅಲ್ಲಿಗೆ ಮುಗಿದಂತೆ.

ಆ ಹೊಳೆಯಲ್ಲಿ ಒಂದು ಪದ್ಧತಿ ಇತ್ತು. ಹಂಗಾಮಿನಲ್ಲಿ ತಮ್ಮ ತೋಟಕ್ಕೆ ಮೊದಲು ಬಂದ ದಾರಿಹೋಕರಿಗೆ ಅಲ್ಲಿನ ಅತಿ ಒಳ್ಳೆಯ ಹಣ್ಣನ್ನು ಕೊಯ್ದು ಕೊಡಬೇಕು. ದುಡ್ಡು ಮುಟ್ಟಬಾರದು.

ಒಂದು ಮಧ್ಯಾಹ್ನ ದಂಡೆಯ ಮೇಲೆ ಕಾರು ಬಂದು ನಿಂತಿತು. ಅದರಿಂದ ದಾವಣಗೆರೆಯ ಗಂಗಾಂಬಿಕಮ್ಮ ಎಂಬ ಅಜ್ಜಿಯೂ, ಕಾರು ಓಡಿಸಿಕೊಂಡು ಬಂದ ಅವರ ಮಗ ಶಶಿಧರನೂ ಇಳಿದರು. ಅಜ್ಜಿ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನಲ್ಲಿ ನಡೆದು ಬಂದರು. ಆ ಹಂಗಾಮಿನಲ್ಲಿ ಕೆಂಚಮ್ಮನ ತೋಟಕ್ಕೆ ಬಂದ ಮೊದಲ ದಾರಿಹೋಕರು ಇವರೇ.

"ಹಣ್ಣು ನೋಡಾಕೆ ಬಂದೀವಮ್ಮ," ಎಂದರು. ಬೇರೇನೂ ಹೇಳಲಿಲ್ಲ.

ಪಕ್ಕದ ತೋಟದ ಹನುಮಕ್ಕ ಓಡಿ ಬಂದು ಕೆಂಚಮ್ಮನ ಕಿವಿಯಲ್ಲಿ ಉಸುರಿದಳು: "ದಾರದ ಹಣ್ಣಿನ ಮೇಲೆ ಎಲೆ ಮುಚ್ಚೇ! ಅಂಗಡಿ ಬೀಜದ್ದೊಂದು ದಪ್ಪಂದು ಕೊಯ್ದು ಕೊಡು. ಪ್ಯಾಟೆಯವರಿಗೆ ದಪ್ಪ ಇದ್ರೆ ಸಾಕು, ಫೋಟೋ ತಗೊಂಡು ಹೋಗ್ತಾರೆ."

ಕೆಂಚಮ್ಮ ಬಗ್ಗಿ ದಾರ ಮುಟ್ಟಿದಳು. ಕೈ ಮುಂದೆ ಹೋಗಲಿಲ್ಲ. ಅತ್ತೆಯ ಬೀಜ ತನ್ನ ಕೈಯಲ್ಲೇ ಮುಗಿಯುತ್ತದಲ್ಲ ಎಂದುಕೊಂಡಳು.

ಆಮೇಲೆ ಎದ್ದು ನಿಂತು ಹನುಮಕ್ಕನಿಗೆ ಮೆಲ್ಲಗೆ ಹೇಳಿದಳು: "ಕೆಂಚಮ್ಮನ ತೋಟದಾಗೆ ಸಪ್ಪೆ ಹಣ್ಣು ತಿಂದ್ವಿ ಅಂತ ಇವರು ಊರಿಗೆ ಹೋಗಿ ಹೇಳಿದ್ರೆ, ಬೀಜ ಇಟ್ಕೊಂಡು ನಾನೇನು ಮಾಡ್ಲಕ್ಕಾ?"

ದಾರ ಬಿಚ್ಚಿದಳು. ಹಣ್ಣು ಕಿತ್ತಳು. ಹೆಚ್ಚಿ, ಹೋಳುಗಳನ್ನು ಎಲೆಯ ಮೇಲಿಟ್ಟು ಕೊಟ್ಟಳು. ಒಳಗಿನ ಬೀಜ ಅವಳು ಅಂದುಕೊಂಡಂತೆಯೇ ಎಳಸಾಗಿತ್ತು.

ಅಜ್ಜಿ ಒಂದು ಹೋಳು ಬಾಯಿಗಿಟ್ಟರು. ಇಟ್ಟವರು ಅಗಿಯುವುದನ್ನೇ ನಿಲ್ಲಿಸಿದರು.

"ಶಶಿ, ಇದೇ ಕಣೋ! ನಮ್ಮ ಹಿತ್ತಲ ಹಣ್ಣು!"

"ಸಿಕ್ಕಿತಾ? ಬೆಳಿಗ್ಗೆಯಿಂದ ಎಲ್ಲಾ ತೋಟದಲ್ಲೂ ತಿಂದು ತಿಂದು ನನ್ನ ಹೊಟ್ಟೆಯೇ ಕರಬೂಜ ಆಗಿದೆಯಮ್ಮ," ಎಂದ ಮಗ.

ಆಗ ಅಜ್ಜಿ ಸಂಗತಿ ಹೇಳಿದರು. ಅವರ ಗಂಡ ಲಾರಿ ಓಡಿಸುತ್ತಿದ್ದರು. ಹಿಂದೆ ಒಂದು ವಸಂತದಲ್ಲಿ ಈ ಹೊಳೆಗೆ ಬಂದಾಗ ಒಬ್ಬಾಕೆ ದುಡ್ಡು ಮುಟ್ಟದೆ, ಬೀಜ ಚೆನ್ನಾಗಿ ಬಲಿತ ಹಣ್ಣು ಕೊಟ್ಟಿದ್ದಳು. ಅವರು ಅದರ ಬೀಜ ತಂದು ಒಣಗಿಸಿ ಹಿತ್ತಲಲ್ಲಿ ಹಾಕಿದ್ದರು. ಅಂದಿನಿಂದ ಆ ಬಳ್ಳಿ ಒಂದು ವರ್ಷವೂ ತಪ್ಪಿಲ್ಲ.

"ಆ ತಾಯಿಗೆ ನಾವು ಏನೂ ಕೊಡಲಿಲ್ಲ ಅಂತ ಅವರು ಕೊನೇವರೆಗೂ ಅಂತಿದ್ರು. ಅದಕ್ಕೇ ಬಂದೆ. ಮೊದಲೇ ವಿಷಯ ಹೇಳಿದ್ರೆ ಎಲ್ಲರೂ 'ಅದು ನಮ್ಮದೇ ತೋಟ' ಅಂತಾರೆ. ಹಂಗಾಗಿ ಬಾಯಿ ಮುಚ್ಕೊಂಡು ತಿಂತಾ ಬಂದೆ. ನೀನು ದಪ್ಪ ಹಣ್ಣು ಕೊಟ್ಟಿದ್ರೆ ನಾನು ಕಾರು ಹತ್ತಿ ಹೋಗಿಬಿಡ್ತಿದ್ದೆ, ಮಗಳೇ."

ಹೀಗೆ ಹೇಳಿ ಅಜ್ಜಿ ಸೊಂಟದ ಎಲೆಯಡಿಕೆ ಸಂಚಿಯಿಂದ ಒಂದು ಬಟ್ಟೆಯ ಗಂಟು ತೆಗೆದರು. ಅದರ ತುಂಬ ಆ ಹಿತ್ತಲ ಬಳ್ಳಿಯ ಬಲಿತ, ಒಣಗಿದ ಕರಬೂಜದ ಬೀಜಗಳಿದ್ದವು.

ಕೆಂಚಮ್ಮ ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಕಣ್ಣು ತುಂಬಿತು, ಆದರೆ ತಲೆ ತಗ್ಗಲಿಲ್ಲ. "ಕೇಳಿದೆಯಾ ಹನುಮಕ್ಕ? ಆಚೆ ದಂಡೆಗೆ ಘಮ ಹೋಗುತ್ತೆ ಅಂದ್ರೆ ನಗ್ತಿದ್ದೆ. ನಮ್ಮತ್ತೆ ಹಣ್ಣು ದಾವಣಗೆರೆಗೇ ಹೋಗೈತೆ!"

ಹನುಮಕ್ಕ ಸೆರಗು ಒಡ್ಡಿ, "ನನಗೂ ಒಂದಿಷ್ಟು ಬೀಜ ಹಾಕೇ," ಎಂದಳು.

"ಹಾಕ್ತೀನಿ. ಆದ್ರೆ ಮುಂದಿನ ವರ್ಷ ಮೊದಲ ಕಾರು ನಿನ್ನ ತೋಟಕ್ಕೆ ಬಂದ್ರೆ, ಎಲೆ ಮುಚ್ಚಂಗಿಲ್ಲ ನೋಡು!" ಎಂದು ಕೆಂಚಮ್ಮ ಅವಳ ಸೆರಗಿಗೆ ಬೀಜ ಸುರಿದಳು.

ನೀತಿ: ತಮ್ಮ ಬೆಳೆಯ ಮೇಲೆ ನಿಜವಾದ ಹೆಮ್ಮೆ ಇರುವವರು ಅದರಲ್ಲಿ ಅತಿ ಒಳ್ಳೆಯದನ್ನೇ ಬಂದವರ ಮುಂದೆ ಇಡುತ್ತಾರೆ. ಹಾಗೆ ಮನಸಾರೆ ಕೊಟ್ಟದ್ದು ನಮ್ಮ ಕಣ್ಣಿಗೆ ಕಾಣದಿದ್ದರೂ ಇನ್ನೊಬ್ಬರ ಹಿತ್ತಲಲ್ಲಿ ಬೆಳೆಯುತ್ತಿರುತ್ತದೆ.